ನಾಗಕೇಸರವನ್ನು ಪ್ರಯೋಗಾಲಯದಲ್ಲಿ ಗುರುತಿಸಿ ದೃಢಪಡಿಸುವ ಬಗೆ

ಗ್ರಂಧಿಗೆ ಅಂಗಡಿಯಲ್ಲಿ ನಾಗಕೇಸರ ಬೇಕೆಂದು ಕೇಳಿದವರಿಗೆ ಒಂದು ಕಡೆ ತಾಮ್ರದ ಬಣ್ಣದ ಒಣ ಎಳೆಗಳು ಸಿಗುತ್ತವೆ, ಇನ್ನೊಂದು ಕಡೆ ತೊಟ್ಟು ಸಹಿತವಾದ ಕೆಂಗಂದು ಬಣ್ಣದ ದುಂಡು ಮೊಗ್ಗುಗಳು ಸಿಗುತ್ತವೆ, ಮತ್ತೊಂದು ಕಡೆ ಲವಂಗವನ್ನು ನೆನಪಿಸುವ ಗಟ್ಟಿಯಾದ ಕಪ್ಪು ಕಾಯಿಗಳನ್ನು ಕಟ್ಟಿಕೊಡುತ್ತಾರೆ. ಮೂರನ್ನೂ ನಾಗಕೇಸರವೆಂದೇ ಮಾರುತ್ತಾರೆ, ಆದರೆ ಮೂರೂ ಬೇರೆ ಬೇರೆ ಮರಗಳಿಂದ ಬಂದವು. ಮೊದಲನೆಯದು ನಾಗಸಂಪಿಗೆ ಮರದ ಹೂವಿನ ಕೇಸರಗಳು. ಎರಡನೆಯದು ನಮ್ಮ ಕರಾವಳಿ ಮತ್ತು ಮಲೆನಾಡಿನ ಸುರಗಿ ಮೊಗ್ಗು. ಮೂರನೆಯದು ದಾಲ್ಚಿನ್ನಿ ಕುಲದ ಮರಗಳ ಎಳೆಗಾಯಿ, ಅಂದರೆ ಕಾಳನಾಗಕೇಸರ. ಚತುರ್ಜಾತವೆಂದು ಆಯುರ್ವೇದ ಹೇಳುವ ನಾಲ್ಕು ದ್ರವ್ಯಗಳಲ್ಲಿ, ಅಂದರೆ ದಾಲ್ಚಿನ್ನಿ, ಏಲಕ್ಕಿ, ತಮಾಲಪತ್ರ ಮತ್ತು ನಾಗಕೇಸರಗಳಲ್ಲಿ, ಈ ಕೊನೆಯದರ ಗುರುತೇ ಹೆಚ್ಚು ತೊಂದರೆ ಕೊಡುವಂಥದ್ದು. ಚತುರ್ಜಾತ ಸೇರುವ ಲೇಹ್ಯ ಮತ್ತು ಚೂರ್ಣಗಳು ಹಲವಾರು ಇರುವುದರಿಂದ ಒಂದು ಚೀಲದಲ್ಲಾದ ತಪ್ಪು ಎಷ್ಟೋ ಡಬ್ಬಿಗಳಿಗೆ ಹರಡುತ್ತದೆ. ಔಷಧ ತಯಾರಿಕಾ ಘಟಕದ ಪ್ರಯೋಗಾಲಯದಲ್ಲಿ ಅಥವಾ ಕಾಲೇಜಿನ ದ್ರವ್ಯಗುಣ ವಿಭಾಗದಲ್ಲಿ ಈ ಕೆಲಸ ಕೈಗೆತ್ತಿಕೊಳ್ಳುವವರಿಗೆ ಉಪಯೋಗವಾಗಲೆಂದು ಪರೀಕ್ಷೆಯ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಔಷಧ ದ್ರವ್ಯಗಳ ಅಧಿಕೃತ ಗುಣಮಟ್ಟದ ಗ್ರಂಥವಾದ ಭಾರತೀಯ ಆಯುರ್ವೇದ ಫಾರ್ಮಾಕೊಪಿಯಾದ ಮೊದಲ ಭಾಗದ ಎರಡನೇ ಸಂಪುಟದ ಪ್ರಕಾರ ನಾಗಕೇಸರವೆಂದರೆ ಮೆಸುವಾ ಫೆರಿಯಾ ಎಂಬ ಮರದ ಒಣಗಿಸಿದ ಕೇಸರಗಳು. ಈ ಮಾತಿನಲ್ಲಿ ಎರಡು ಪ್ರಶ್ನೆಗಳು ಅಡಗಿವೆ, ಪರೀಕ್ಷೆ ಮಾಡುವವರು ಎರಡಕ್ಕೂ ಉತ್ತರ ಕೊಡಬೇಕು. ಮರ ಯಾವುದು ಎಂಬುದು ಒಂದು. ಹೂವಿನ ಯಾವ ಭಾಗ ಎಂಬುದು ಇನ್ನೊಂದು. ಮರ ಸರಿಯಿದ್ದು, ಎಸಳು, ಎಸಳಿನ ಹೊರಗಿನ ಹೊದಿಕೆಯಾದ ಪುಷ್ಪಪತ್ರ, ತೊಟ್ಟುಗಳೆಲ್ಲ ಸೇರಿದ ಇಡೀ ಹೂವನ್ನು ಪುಡಿ ಮಾಡಿ ಕಳಿಸಿದ್ದರೆ ಅದೂ ವ್ಯಾಖ್ಯಾನಕ್ಕೆ ಹೊಂದುವುದಿಲ್ಲ. ಇಲ್ಲಿ ಕೇಸರವೆಂದರೆ ಹೂವಿನ ಗಂಡು ಭಾಗ, ಪರಾಗವನ್ನು ಹೊರುವ ಅಂಗ. ಕಾಶ್ಮೀರದ ಕೇಸರಿ ಇದಲ್ಲ. ಆ ಕೇಸರಿ ಹೂವಿನ ಹೆಣ್ಣು ಭಾಗದ ತುದಿ, ಅಂದರೆ ಶಲಾಕಾಗ್ರ. ಹಳೆಯ ಯೋಗಗಳಲ್ಲಿ ಬರಿದೇ ‘ಕೇಸರ’ ಎಂದಿರುವ ಕಡೆ ಕೇಸರಿಯನ್ನೋ ನಾಗಕೇಸರವನ್ನೋ ಎಂಬ ಗೊಂದಲ ಹುಟ್ಟುವುದುಂಟು, ಆದ್ದರಿಂದ ಖರೀದಿ ಪಟ್ಟಿಯಲ್ಲಿಯೇ ಮರದ ಸಸ್ಯಶಾಸ್ತ್ರೀಯ ಹೆಸರನ್ನೂ ಭಾಗವನ್ನೂ ಬರೆಸುವುದು ಒಳ್ಳೆಯದು.

ಹೆಸರುಗಳ ತೊಡಕು ಕನ್ನಡದಲ್ಲಿ ಇನ್ನಷ್ಟು ಗಾಢವಾಗಿದೆ. ನಾಗಸಂಪಿಗೆ, ಸುರಗಿ, ಸುರಹೊನ್ನೆ, ಪುನ್ನಾಗ ಎಂಬ ಹೆಸರುಗಳು ಊರಿಂದೂರಿಗೆ ಒಂದರ ಜಾಗದಲ್ಲಿ ಇನ್ನೊಂದು ಬಳಕೆಯಾಗುತ್ತವೆ. ಸುರಗಿಯ ಇಂದಿನ ಸಸ್ಯಶಾಸ್ತ್ರೀಯ ಹೆಸರು ಮ್ಯಾಮಿಯಾ ಸುರಿಗಾ, ಹಳೆಯ ಪುಸ್ತಕಗಳಲ್ಲಿ ಅದೇ ಮರ ಓಕ್ರೊಕಾರ್ಪಸ್ ಲಾಂಜಿಫೋಲಿಯಸ್ ಎಂದಿದೆ. ಸುರಹೊನ್ನೆ ಎಂದರೆ ಕ್ಯಾಲೊಫಿಲಮ್ ಇನೊಫಿಲಮ್, ಕಡಲತೀರದಲ್ಲಿ ಬೆಳೆಯುವ, ಬೀಜದಿಂದ ದೀಪದ ಎಣ್ಣೆ ತೆಗೆಯುವ ಮರ. ಮೂರೂ ಒಂದೇ ಸಸ್ಯಕುಟುಂಬಕ್ಕೆ ಸೇರಿದವು, ಮೂರರ ಹೂವೂ ಬಿಳಿ ಎಸಳು, ನಡುವೆ ಹಳದಿ ಕೇಸರಗಳ ರಾಶಿ, ಜೊತೆಗೆ ಸುವಾಸನೆ. ಸುರಗಿಯನ್ನು ಕಸವೆಂದು ಎಣಿಸುವುದು ನನಗೆ ಸರಿಯೆನಿಸುವುದಿಲ್ಲ. ಒಣಗಿದ ಮೇಲೂ ಪರಿಮಳ ಬಿಡದ ಆ ಮೊಗ್ಗಿನ ಮಾಲೆಯನ್ನು ಮುಡಿದವರಿಗೆ, ಬಟ್ಟೆಗಳ ನಡುವೆ ಇಟ್ಟವರಿಗೆ ಅದರ ಬೆಲೆ ಗೊತ್ತು. ಅದಕ್ಕೆ ತನ್ನದೇ ಹೆಸರು ಇದೆ, ಆ ಹೆಸರಿನಲ್ಲಿಯೇ ಅದು ಮಾರಾಟವಾಗಬೇಕು ಎಂಬುದಷ್ಟೇ ನನ್ನ ಆಗ್ರಹ.

ಮೊದಲು ಬೇಕಾದದ್ದು ಖಚಿತ ಮಾದರಿ

ಯಾವ ಉಪಕರಣವನ್ನು ಕೊಳ್ಳುವ ಮೊದಲೂ ಗುರುತು ಖಚಿತವಾದ ಹೋಲಿಕೆಯ ಮಾದರಿಯನ್ನು ಸಂಪಾದಿಸಬೇಕು. ಸೂಕ್ಷ್ಮದರ್ಶಕವಾಗಲಿ, ಸಾರದಲ್ಲಿನ ಪದಾರ್ಥಗಳನ್ನು ಬೇರೆ ಬೇರೆ ಪಟ್ಟೆಗಳಾಗಿ ಬಿಡಿಸಿ ತೋರಿಸುವ ವರ್ಣರೇಖನವಾಗಲಿ, ಡಿಎನ್‌ಎ ಆಗಲಿ, ಇದು ಅದರಂತಿದೆ ಅಥವಾ ಇಲ್ಲ ಎಂದಷ್ಟೇ ಹೇಳಬಲ್ಲವು. ‘ಅದು’ ತಪ್ಪಾಗಿದ್ದರೆ ಉಳಿದದ್ದೆಲ್ಲವೂ ಅಚ್ಚುಕಟ್ಟಾಗಿ ತಪ್ಪುತ್ತದೆ. ಅಂಗಡಿಯಿಂದ ತಂದ ‘ಒಳ್ಳೆಯ’ ನಾಗಕೇಸರವನ್ನು ಹೋಲಿಕೆಯ ಮಾದರಿಯಾಗಿ ಇಟ್ಟುಕೊಳ್ಳಲೇಬಾರದು.

ನಾಗಸಂಪಿಗೆ ಪಶ್ಚಿಮ ಘಟ್ಟದ ನಿತ್ಯಹರಿದ್ವರ್ಣ ಕಾಡುಗಳಲ್ಲಿಯೂ ಈಶಾನ್ಯ ಭಾರತದಲ್ಲಿಯೂ ಶ್ರೀಲಂಕೆಯಲ್ಲಿಯೂ ಸಹಜವಾಗಿ ಬೆಳೆಯುತ್ತದೆ, ಉದ್ಯಾನಗಳಲ್ಲಿ ಮತ್ತು ದೇವಸ್ಥಾನಗಳ ಆವರಣದಲ್ಲಿ ನೆಟ್ಟ ಮರಗಳೂ ಇವೆ. ಶ್ರೀಲಂಕೆಯ ರಾಷ್ಟ್ರೀಯ ವೃಕ್ಷ ಇದೇ, ತ್ರಿಪುರಾದ ರಾಜ್ಯಪುಷ್ಪವೂ ಇದೇ. ಬೇಸಿಗೆಯ ಮೊದಲ ತಿಂಗಳುಗಳಲ್ಲಿ ಹೂ ಬಿಟ್ಟ ಮರವನ್ನು ಗುರುತಿಸಿ, ಅರಣ್ಯದಲ್ಲಾದರೆ ಇಲಾಖೆಯ ಅನುಮತಿ ಪಡೆದು, ಎಲೆ ಹೂವು ಇರುವ ಕೊಂಬೆಯನ್ನು ಒತ್ತಿ ಒಣಗಿಸಿ ಹರ್ಬೇರಿಯಂ ಹಾಳೆ ಮಾಡಬೇಕು. ಹಾಳೆಯ ಮೇಲೆ ಸಂಗ್ರಹಿಸಿದ ಸ್ಥಳ, ದಿನಾಂಕ, ಮರದ ಎತ್ತರ, ಸಂಗ್ರಹಿಸಿದವರ ಹೆಸರು ಮತ್ತು ಸಂಖ್ಯೆ ಇರಲೇಬೇಕು. ಗುರುತನ್ನು ಸಸ್ಯವರ್ಗೀಕರಣ ಬಲ್ಲವರಿಂದ ಖಚಿತಪಡಿಸಿಕೊಳ್ಳಬೇಕು. ಬೆಂಗಳೂರಿನಲ್ಲಿಯೇ ಭಾರತೀಯ ವಿಜ್ಞಾನ ಸಂಸ್ಥೆಯ ಹರ್ಬೇರಿಯಂ (ಇಂಥ ಹಾಳೆಗಳ ಸಂಗ್ರಹಾಲಯ) ಮತ್ತು ಔಷಧೀಯ ಸಸ್ಯಗಳಿಗೆ ಮೀಸಲಾದ ಎಫ್‌ಆರ್‌ಎಲ್‌ಎಚ್‌ಟಿ ಹರ್ಬೇರಿಯಂ ಇವೆ, ಕೊಯಮತ್ತೂರಿನಲ್ಲಿ ಭಾರತೀಯ ಸಸ್ಯ ಸರ್ವೇಕ್ಷಣೆಯ ದಕ್ಷಿಣ ವಲಯ ಕೇಂದ್ರವಿದೆ. ಅದೇ ಮರದ ಹೂಗಳಿಂದ ಕೇಸರಗಳನ್ನು ಬಿಡಿಸಿ ನೆರಳಿನಲ್ಲಿ ಒಣಗಿಸಿ, ಬೆಳಕು ತಾಗದ ಬಿಗಿ ಮುಚ್ಚಳದ ಬಾಟಲಿಯಲ್ಲಿ, ಹಾಳೆಯ ಸಂಖ್ಯೆಯನ್ನೇ ಬರೆದು ಇಡಬೇಕು. ಸುರಗಿ ಮತ್ತು ಸುರಹೊನ್ನೆಯನ್ನೂ ಇದೇ ಕ್ರಮದಲ್ಲಿ ಸಂಗ್ರಹಿಸಿಡಬೇಕು. ನಕಲನ್ನು ಹಿಡಿಯಬೇಕಾದರೆ ಅಸಲು ಮಾತ್ರ ಇದ್ದರೆ ಸಾಲದು, ನಕಲಿನ ಖಚಿತ ಮಾದರಿಯೂ ಕೈಯಲ್ಲಿರಬೇಕು.

ಚೀಲದಿಂದ ಮಾದರಿ ತೆಗೆಯುವುದು

ಬಂದ ಸರಕಿನಲ್ಲಿ ಐದರವರೆಗೆ ಚೀಲಗಳಿದ್ದರೆ ಪ್ರತಿಯೊಂದರಿಂದಲೂ, 6ರಿಂದ 50 ಇದ್ದರೆ ಐದರಿಂದ, ಅದಕ್ಕೂ ಹೆಚ್ಚಿದ್ದರೆ ಶೇಕಡಾ 10ರಷ್ಟು ಚೀಲಗಳಿಂದ ಮಾದರಿ ತೆಗೆಯಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ಪ್ರತಿ ಚೀಲದ ಮೇಲಿನಿಂದ, ನಡುವಿನಿಂದ, ತಳದಿಂದ ತೆಗೆಯುವುದನ್ನು ತಪ್ಪಿಸಬಾರದು, ಏಕೆಂದರೆ ನಾಗಕೇಸರದಂಥ ಹಗುರವಾದ, ಮುರಿಯುವ ಪದಾರ್ಥದಲ್ಲಿ ಪುಡಿ, ಮರಳು ಮತ್ತು ಪರಾಗ ತಳಕ್ಕೆ ಇಳಿದು ಮೇಲೆ ಉದ್ದ ಎಳೆಗಳು ಮಾತ್ರ ಉಳಿದಿರುತ್ತವೆ. ತೆಗೆದದ್ದನ್ನು ಬೆರೆಸಿ, ಚೌಕವಾಗಿ ಹರಡಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲನ್ನು ಮಾತ್ರ ಉಳಿಸಿಕೊಳ್ಳುತ್ತ ಬೇಕಾದ ಪ್ರಮಾಣಕ್ಕೆ ಇಳಿಸಬೇಕು. ಪುಡಿ ಮಾಡಿದ ನಾಗಕೇಸರವನ್ನು ಕೊಳ್ಳದೆ ಇರುವುದೇ ಲೇಸು. ಪುಡಿಯಾದ ಮೇಲೆ ಕಣ್ಣಿಗೂ ಕೈಗೂ ಸಿಗಬೇಕಾದ ಅರ್ಧದಷ್ಟು ಸಾಕ್ಷ್ಯ ಹೋಗಿಬಿಟ್ಟಿರುತ್ತದೆ.

ಕಣ್ಣು, ಕೈ, ಮೂಗು

ಮಾದರಿಯನ್ನು ಬಿಳಿ ಹಾಳೆಯ ಮೇಲೆ ತೆಳ್ಳಗೆ ಹರಡಿ, ಮೊದಲು ಬರಿಗಣ್ಣಿನಿಂದಲೂ ಆಮೇಲೆ ಆರು ಪಟ್ಟು ದೊಡ್ಡದು ಮಾಡುವ ಮಸೂರದಿಂದಲೂ ನೋಡಬೇಕು. ನಾಗಸಂಪಿಗೆಯ ಒಣ ಕೇಸರ ಚಿನ್ನದ ಕಂದು ಅಥವಾ ತಾಮ್ರದ ಬಣ್ಣದ್ದು. ಕೇಸರದಂಡ ದಾರದಂತೆ ಸಣ್ಣದಾಗಿದ್ದು ಸ್ವಲ್ಪ ತಿರುಚಿಕೊಂಡಿರುತ್ತದೆ, ಮುಟ್ಟಿದರೆ ಮೃದು, ಬಾಗಿಸಿದರೆ ಪಟ್ಟನೆ ಮುರಿಯುತ್ತದೆ. ತುದಿಯಲ್ಲಿ ಉದ್ದನೆಯ, ಕಿರಿದಾದ ಪರಾಗಕೋಶವಿದ್ದು ಅದು ತನ್ನ ಬುಡದಿಂದ ದಂಡಕ್ಕೆ ಅಂಟಿರುತ್ತದೆ. ದಂಡಗಳ ಬುಡಗಳು ಒಂದಕ್ಕೊಂದು ಕೂಡಿ ಬಳೆಯಂತಾಗಿರುವುದರಿಂದ, ಎಚ್ಚರಿಕೆಯಿಂದ ಹುಡುಕಿದರೆ ಹಲವು ಕೇಸರಗಳು ಬುಡದಲ್ಲಿ ಕೂಡಿಕೊಂಡಿರುವ ತುಣುಕುಗಳು ಸಿಗುತ್ತವೆ. ಸುರಹೊನ್ನೆಯಲ್ಲಿ ಕೇಸರಗಳು ನಾಲ್ಕು ಕಂತೆಗಳಾಗಿ ಬೇರ್ಪಟ್ಟಿರುತ್ತವೆ, ಪರಾಗಕೋಶವೂ ಗಿಡ್ಡ. ಪರಾಗಕೋಶದ ಉದ್ದವನ್ನು ಅಳತೆಪಟ್ಟಿಯ ಮೇಲಿಟ್ಟು ಕನಿಷ್ಠ 20 ಕೇಸರಗಳಲ್ಲಿ ಅಳೆದು, ಖಚಿತ ಮಾದರಿಯ ಅಳತೆಯ ಪಕ್ಕದಲ್ಲಿ ಬರೆದಿಡುವುದು ಹತ್ತು ನಿಮಿಷದ ಕೆಲಸ, ಅದರಿಂದ ಸಿಗುವ ಉಪಯೋಗ ಮಾತ್ರ ದೊಡ್ಡದು.

ಬಂದದ್ದು ಎಳೆಗಳಲ್ಲ, ಮೊಗ್ಗು ಎಂದಾದರೆ ಅಲ್ಲಿಗೇ ವ್ಯಾಖ್ಯಾನ ತಪ್ಪಿತು. ಆದರೂ ಅದು ಯಾವುದರ ಮೊಗ್ಗು ಎಂದು ತಿಳಿಯುವುದು ಅಗತ್ಯ. ಮೊಗ್ಗನ್ನು ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಗಾಜಿನ ತಟ್ಟೆಯ ಮೇಲೆ ಎರಡು ಸೂಜಿಗಳಿಂದ ಪದರ ಪದರವಾಗಿ ಬಿಡಿಸಬೇಕು. ನಾಗಸಂಪಿಗೆಯ ಮೊಗ್ಗಿನಲ್ಲಿ ನಾಲ್ಕು ದುಂಡು ಪುಷ್ಪಪತ್ರಗಳು ಒಂದರ ಮೇಲೊಂದು ಹೊದ್ದುಕೊಂಡಿರುತ್ತವೆ. ಸುರಗಿಯ ಪುಷ್ಪಪಾತ್ರೆ, ಅಂದರೆ ಪುಷ್ಪಪತ್ರಗಳ ಹೊದಿಕೆ, ಮೊಗ್ಗಿನಲ್ಲಿ ಪೂರ್ತಿ ಮುಚ್ಚಿದ ಒಂದೇ ಚೀಲದಂತಿದ್ದು, ಅರಳುವಾಗ ಎರಡು ಹೋಳಾಗಿ ಸೀಳುತ್ತದೆ. ನಾಲ್ಕೋ ಎರಡೋ ಎಂಬ ಈ ಎಣಿಕೆಗೆ ಯಾವ ರಾಸಾಯನಿಕವೂ ಬೇಡ, ಯಾವ ಯಂತ್ರವೂ ಬೇಡ, ಮತ್ತು ನನ್ನ ಅನುಭವದಲ್ಲಿ ಇದರಷ್ಟು ನಂಬಿಕೆಗೆ ಅರ್ಹವಾದ ಸರಳ ಪರೀಕ್ಷೆ ಇನ್ನೊಂದಿಲ್ಲ. ಕಾಳನಾಗಕೇಸರವಾದರೆ ನೆನೆಸುವ ತನಕವೂ ಕಾಯಬೇಕಿಲ್ಲ. ಬಟ್ಟಲಿನಂಥ ಪಾತ್ರೆಯೊಳಗೆ ಕೂತ ಪುಟ್ಟ ಕಾಯಿ ಕಣ್ಣಿಗೇ ಕಾಣುತ್ತದೆ, ಉಗುರಿನಿಂದ ಕೆರೆದರೆ ದಾಲ್ಚಿನ್ನಿಯ ವಾಸನೆ ಬರುತ್ತದೆ.

ವಾಸನೆಯನ್ನು ಬರೆದುಕೊಳ್ಳಬೇಕು, ಆದರೆ ಅದನ್ನೇ ನಂಬಿ ತೀರ್ಮಾನಿಸಬಾರದು. ಹಳೆಯ ದಾಸ್ತಾನಿನ ನಾಗಕೇಸರದಲ್ಲಿ ಪರಿಮಳ ಕುಗ್ಗಿರುತ್ತದೆ, ಸುರಗಿಯ ಜೊತೆ ಒಂದೇ ಕೋಣೆಯಲ್ಲಿಟ್ಟ ಚೀಲಕ್ಕೆ ಸುರಗಿಯ ಪರಿಮಳ ಹತ್ತಿರುತ್ತದೆ.

ಸೂಕ್ಷ್ಮದರ್ಶಕದ ಕೆಳಗೆ

ಪುಡಿಯ ಪರೀಕ್ಷೆಯಲ್ಲಿ ಕ್ರಮ ಮುಖ್ಯ. ಮೊದಲ ಸ್ಲೈಡನ್ನು ನೀರಿನಲ್ಲಿ ಮಾಡಿ, ಅಯೊಡಿನ್ ದ್ರಾವಣದ ಒಂದು ತೊಟ್ಟು ಬಿಟ್ಟು ಪಿಷ್ಟವನ್ನು ನೋಡಬೇಕು, ಏಕೆಂದರೆ ಮುಂದೆ ಬಳಸುವ ಕ್ಲೋರಲ್ ಹೈಡ್ರೇಟ್ ಪಿಷ್ಟವನ್ನು ಕರಗಿಸಿಬಿಡುತ್ತದೆ. ಪಿಷ್ಟದ ಕಣಗಳು ರಾಶಿಯಾಗಿ ನೀಲಿಗಟ್ಟಿದರೆ ಯಾರೋ ಹಿಟ್ಟು ಬೆರೆಸಿರುವ ಸಂಶಯ ಸಹಜ. ಎರಡನೇ ಸ್ಲೈಡಿನಲ್ಲಿ ಪುಡಿಯನ್ನು ಕ್ಲೋರಲ್ ಹೈಡ್ರೇಟ್ ದ್ರಾವಣದಲ್ಲಿ ಮೆಲ್ಲಗೆ ಬಿಸಿ ಮಾಡಿ, ಬಣ್ಣ ತಿಳಿಯಾದ ಮೇಲೆ ಒಂದು ತೊಟ್ಟು ಗ್ಲಿಸರಿನ್ ಸೇರಿಸಿ ಗಾಜಿನ ಹೊದಿಕೆ ಮುಚ್ಚಬೇಕು. ಗ್ಲಿಸರಿನ್ ಇಲ್ಲದಿದ್ದರೆ ಹರಳುಗಟ್ಟಿ ನೋಟ ಕೆಡುತ್ತದೆ. ಕೇಸರದಂಡದ ಉದ್ದುದ್ದನೆಯ, ತೆಳುಗೋಡೆಯ, ಚಿನ್ನಗಂದು ಬಣ್ಣದ ಜೀವಕೋಶಗಳು, ಪರಾಗಕೋಶದ ಗೋಡೆಯ ತುಣುಕುಗಳು ಮತ್ತು ಹೇರಳವಾದ ಪರಾಗರೇಣುಗಳು ಕಾಣಬೇಕು.

ಏನು ಕಾಣಬಾರದು ಎಂಬುದೂ ಇಷ್ಟೇ ಮುಖ್ಯ. ಮೂರನೇ ಸ್ಲೈಡಿಗೆ ಫ್ಲೋರೊಗ್ಲೂಸಿನಾಲ್ ಹಾಕಿ, ಆಮೇಲೆ ಸಾಂದ್ರ ಹೈಡ್ರೋಕ್ಲೋರಿಕ್ ಆಮ್ಲದ ತೊಟ್ಟು ಬಿಟ್ಟರೆ ಲಿಗ್ನಿನ್ ಇರುವ ಭಾಗಗಳು ಕೆಂಪಾಗುತ್ತವೆ. ದಪ್ಪ ಗೋಡೆಯ ಕಲ್ಲುಕೋಶಗಳ ಗುಂಪುಗಳು ಕೆಂಪಗೆ ಎದ್ದು ಕಂಡರೆ, ಅವು ಬರಿಯ ಕೇಸರದಿಂದ ಬಂದಿರಲಾರವು. ತೊಟ್ಟು, ಪುಷ್ಪಪತ್ರ ಅಥವಾ ಕಾಯಿ ಸೇರಿದೆ ಎಂದರ್ಥ. ಎಣ್ಣೆಕೋಶಗಳ ಜೊತೆ ಒಂದೇ ಜೀವಕೋಶದ, ದಪ್ಪ ಗೋಡೆಯ ರೋಮಗಳು ಕಂಡರೆ ದಾಲ್ಚಿನ್ನಿ ಕುಲದ ಕಡೆಗೆ ನೋಡಬೇಕು. ಪರಾಗರೇಣುಗಳೇ ಇಲ್ಲದ ಪುಡಿ, ಬಣ್ಣ ಎಷ್ಟೇ ಚೆನ್ನಾಗಿರಲಿ, ನಾಗಕೇಸರವಲ್ಲ.

ಪರಾಗರೇಣುಗಳನ್ನು ಇನ್ನೂ ಸ್ಪಷ್ಟವಾಗಿ ನೋಡಲು ಅಸಿಟಾಲಿಸಿಸ್ ಎಂಬ ವಿಧಾನವಿದೆ. ಮಾದರಿಯನ್ನು ಮೊದಲು ಗ್ಲೇಸಿಯಲ್ ಅಸಿಟಿಕ್ ಆಮ್ಲದಲ್ಲಿ ತೊಳೆದು ನೀರಿನ ಅಂಶವನ್ನು ಪೂರ್ತಿ ತೆಗೆಯಬೇಕು. ಆಮೇಲೆ ಒಂಬತ್ತು ಪಾಲು ಅಸಿಟಿಕ್ ಅನ್‌ಹೈಡ್ರೈಡಿಗೆ ಒಂದು ಪಾಲು ಸಾಂದ್ರ ಗಂಧಕಾಮ್ಲವನ್ನು ತೊಟ್ಟು ತೊಟ್ಟಾಗಿ ಸೇರಿಸಿ ಆಗಷ್ಟೇ ತಯಾರಿಸಿಕೊಂಡ ಮಿಶ್ರಣದಲ್ಲಿ, ಕುದಿನೀರಿನ ತೊಟ್ಟಿಯಲ್ಲಿಟ್ಟು ಕೆಲವು ನಿಮಿಷ ಬಿಸಿ ಮಾಡಬೇಕು. ಈ ಮಿಶ್ರಣಕ್ಕೆ ನೀರು ತಾಗಿದರೆ ಸಿಡಿಯುತ್ತದೆ, ಆದ್ದರಿಂದ ಹೊಗೆಗೂಡಿನೊಳಗೆ, ಕನ್ನಡಕ ಮತ್ತು ಕೈಗವಸು ಧರಿಸಿ, ಒಣ ಕೊಳವೆಗಳಲ್ಲಿಯೇ ಈ ಕೆಲಸ ಮಾಡಬೇಕು. ವಿದ್ಯಾರ್ಥಿಗಳನ್ನು ಒಬ್ಬರನ್ನೇ ಬಿಟ್ಟು ಹೋಗಬಾರದು. ರೇಣುವಿನ ಒಳಗಿನದೆಲ್ಲ ಕರಗಿ ಹೊರಗೋಡೆ ಮಾತ್ರ ಉಳಿಯುವುದರಿಂದ ಆಕಾರ, ರಂಧ್ರಗಳ ಸಂಖ್ಯೆ, ಮೇಲ್ಮೈಯ ವಿನ್ಯಾಸ ಚೆನ್ನಾಗಿ ಕಾಣುತ್ತವೆ. ದಾಲ್ಚಿನ್ನಿ ಕುಟುಂಬದ ಪರಾಗದ ಹೊರಗೋಡೆ ತೀರಾ ತೆಳುವಾದದ್ದು, ಅದು ಈ ಆಮ್ಲಗಳನ್ನು ತಡೆಯದೆ ಕರಗಿಹೋಗುತ್ತದೆ ಎಂಬುದನ್ನು ನೆನಪಿನಲ್ಲಿಡಬೇಕು. ಖಚಿತ ಮಾದರಿಗಳ ಸ್ಲೈಡುಗಳನ್ನು ಅದೇ ದಿನ, ಅದೇ ಮಿಶ್ರಣದಲ್ಲಿ ಮಾಡಿ ಪಕ್ಕಪಕ್ಕದಲ್ಲಿ ಅಳೆಯಬೇಕು, ಏಕೆಂದರೆ ಆಮ್ಲದಲ್ಲಿ ಹೆಚ್ಚು ಹೊತ್ತು ಕಳೆದ ರೇಣು ಊದಿಕೊಳ್ಳುತ್ತದೆ.

ಬೂದಿ ಮತ್ತು ಸಾರದ ಅಂಕಿಗಳು

ಒಟ್ಟು ಬೂದಿಗೆ 2ರಿಂದ 3 ಗ್ರಾಂ ಪುಡಿಯನ್ನು 450 ಡಿಗ್ರಿ ಸೆಲ್ಸಿಯಸ್ ಮೀರದಂತೆ ಸುಟ್ಟು ತೂಗಬೇಕು. ಆ ಬೂದಿಯನ್ನು 25 ಮಿಲಿಲೀಟರ್ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಐದು ನಿಮಿಷ ಕುದಿಸಿ, ಬೂದಿರಹಿತ ಸೋಸುಕಾಗದದಲ್ಲಿ ಸೋಸಿ, ಉಳಿದದ್ದನ್ನು ಮತ್ತೆ ಸುಟ್ಟರೆ ಆಮ್ಲದಲ್ಲಿ ಕರಗದ ಬೂದಿ ಸಿಗುತ್ತದೆ, ಅಂದರೆ ಮುಖ್ಯವಾಗಿ ಮಣ್ಣು, ಮರಳು. ಆಲ್ಕೊಹಾಲಿನ ಸಾರಕ್ಕೆ 5 ಗ್ರಾಂ ಪುಡಿಯನ್ನು 100 ಮಿಲಿಲೀಟರ್ ಆಲ್ಕೊಹಾಲಿನಲ್ಲಿ ಮೊದಲ 6 ಗಂಟೆ ಆಗಾಗ ಕುಲುಕುತ್ತ, ಆಮೇಲೆ 18 ಗಂಟೆ ಹಾಗೆಯೇ ಬಿಟ್ಟು, ಸೋಸಿ, 25 ಮಿಲಿಲೀಟರನ್ನು ಆವಿಯಾಗಿಸಿ 105 ಡಿಗ್ರಿಯಲ್ಲಿ ಒಣಗಿಸಿ ತೂಗಬೇಕು. ಮಿತಿಗಳನ್ನು ಫಾರ್ಮಾಕೊಪಿಯಾದ ಪುಟದಿಂದಲೇ ನೋಡಿ ಬರೆಯಬೇಕು, ಬಾಯಿಪಾಠದಿಂದಲ್ಲ.

ಈ ಅಂಕಿಗಳು ಏನನ್ನು ಹೇಳಬಲ್ಲವು, ಏನನ್ನು ಹೇಳಲಾರವು ಎಂಬುದನ್ನು ನಾನು ತಡವಾಗಿ ಕಲಿತೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಪುಡಿಯ ರೂಪದಲ್ಲಿ ಬಂದ ಒಂದು ಮಾದರಿಯ ಬೂದಿ, ಸಾರ, ತೇವಾಂಶ ಎಲ್ಲವೂ ಮಿತಿಯೊಳಗಿದ್ದದ್ದನ್ನು ನೋಡಿ ವರದಿಗೆ ಸಹಿ ಹಾಕಲು ಹೊರಟಿದ್ದೆ. ಹಿರಿಯರೊಬ್ಬರು ಸ್ಲೈಡ್ ತೋರಿಸಿ ಎಂದು ಕೇಳಿದ್ದರಿಂದ ಅದು ಸುರಗಿ ಮೊಗ್ಗಿನ ಪುಡಿ ಎಂದು ಗೊತ್ತಾಯಿತು. ಬೂದಿ ಮರಳನ್ನು ತೋರಿಸುತ್ತದೆ, ಸಾರ ಕಡಿಮೆಯಾದರೆ ಸತ್ವ ತೆಗೆದ ಚರಟ ಬೆರೆತಿರಬಹುದೆಂಬ ಸುಳಿವು ಸಿಗುತ್ತದೆ, ಆದರೆ ಯಾವ ಮರ ಎಂಬ ಪ್ರಶ್ನೆಗೆ ಇವೆರಡೂ ಉತ್ತರವಲ್ಲ.

ತೆಳುಪದರ ವರ್ಣರೇಖನ

ಒಂದು ಗ್ರಾಂ ಪುಡಿಯನ್ನು 10 ಮಿಲಿಲೀಟರ್ ಮೆಥನಾಲಿನಲ್ಲಿ ನೀರಿನ ತೊಟ್ಟಿಯ ಮೇಲೆ ಬಿಸಿ ಮಾಡಿ ಅಥವಾ ಶ್ರವಣಾತೀತ ಅಲೆಗಳ (ಅಲ್ಟ್ರಾಸಾನಿಕ್) ತೊಟ್ಟಿಯಲ್ಲಿ ಕಾಲು ಗಂಟೆ ಇಟ್ಟು ಸೋಸಿಕೊಳ್ಳಬೇಕು. ಸಿಲಿಕಾ ಜೆಲ್ 60 ಎಫ್ 254 ಫಲಕದ ಮೇಲೆ 8 ಮಿಲಿಮೀಟರ್ ಅಗಲದ ಪಟ್ಟೆಗಳಾಗಿ, ತಳದಿಂದ 8 ಮಿಲಿಮೀಟರ್ ಮೇಲೆ ದ್ರಾವಣಗಳನ್ನು ಹಾಕಬೇಕು. ಪಟ್ಟೆಗಳ ಸಾಲಿನಲ್ಲಿ ಪರೀಕ್ಷೆಯ ಮಾದರಿಯ ಜೊತೆಗೆ ಖಚಿತ ನಾಗಸಂಪಿಗೆ, ಖಚಿತ ಸುರಗಿ, ಖಚಿತ ಸುರಹೊನ್ನೆ ಇರಲೇಬೇಕು. ಜೊತೆಗೆ ನಾಗಕೇಸರಕ್ಕೆ ಶೇಕಡಾ 5, 10 ಮತ್ತು 20ರಷ್ಟು ಸುರಗಿಯನ್ನು ನಾವೇ ಬೆರೆಸಿ ತಯಾರಿಸಿದ ಮೂರು ಮಿಶ್ರಣಗಳನ್ನೂ ಓಡಿಸಿದರೆ, ನಮ್ಮ ವಿಧಾನ ಎಷ್ಟು ಬೆರಕೆಯನ್ನು ಹಿಡಿಯಬಲ್ಲದು ಎಂಬುದು ನಮ್ಮ ಕಣ್ಣಿಗೇ ಕಾಣುತ್ತದೆ. ಬಹಳಷ್ಟು ಕಡೆ ಈ ಹಂತವನ್ನು ಬಿಟ್ಟುಬಿಡುತ್ತಾರೆ, ಅದು ತಪ್ಪು.

ದ್ರಾವಕಕ್ಕೆ ಫಾರ್ಮಾಕೊಪಿಯಾ ಹೇಳಿದ್ದನ್ನು ಮೊದಲು ಅನುಸರಿಸಬೇಕು. ಸ್ವಂತವಾಗಿ ವಿಧಾನ ರೂಪಿಸುವವರು ಟೊಲುಯಿನ್, ಈಥೈಲ್ ಅಸಿಟೇಟ್ ಮತ್ತು ಸ್ವಲ್ಪ ಫಾರ್ಮಿಕ್ ಆಮ್ಲದ ಮಿಶ್ರಣದಿಂದ ಆರಂಭಿಸಿ ಪ್ರಮಾಣವನ್ನು ಹೊಂದಿಸಿಕೊಳ್ಳಬಹುದು. ಪೆಟ್ಟಿಗೆಯನ್ನು ಸೋಸುಕಾಗದದೊಂದಿಗೆ 20 ನಿಮಿಷ ಆವಿಯಿಂದ ತುಂಬಿಸಿ, ಫಲಕದ ತೇವವನ್ನು ಮೆಗ್ನೀಸಿಯಮ್ ಕ್ಲೋರೈಡಿನ ಪರ್ಯಾಪ್ತ ದ್ರಾವಣದಿಂದ ಸುಮಾರು ಶೇಕಡಾ 33ಕ್ಕೆ ತಂದು, ತಳದಿಂದ 70 ಮಿಲಿಮೀಟರಿನವರೆಗೆ ಓಡಿಸಬೇಕು. ಮಂಗಳೂರಿನ ಮಳೆಗಾಲದಲ್ಲಿಯೂ ಬಳ್ಳಾರಿಯ ಬೇಸಿಗೆಯಲ್ಲಿಯೂ ಒಂದೇ ಚಿತ್ರ ಬರಬೇಕಾದರೆ ಈ ತೇವದ ಹೊಂದಾಣಿಕೆ ಬೇಕೇ ಬೇಕು. ಒಣಗಿದ ಫಲಕವನ್ನು 254 ಮತ್ತು 366 ನ್ಯಾನೊಮೀಟರ್ ಬೆಳಕಿನಲ್ಲಿ ಚಿತ್ರ ತೆಗೆದು, ಆಮೇಲೆ ಅನಿಸಾಲ್ಡಿಹೈಡ್ ಮತ್ತು ಗಂಧಕಾಮ್ಲದ ದ್ರಾವಣ ಸಿಂಪಡಿಸಿ, 105 ಡಿಗ್ರಿಯಲ್ಲಿ ಬಣ್ಣ ಮೂಡುವವರೆಗೆ ಬಿಸಿ ಮಾಡಬೇಕು.

ಗುರುತಿನ ರಾಸಾಯನಿಕವನ್ನು ಆರಿಸುವಾಗ ಎಚ್ಚರ ಬೇಕು. ಬೀಟಾ-ಸಿಟೋಸ್ಟೆರಾಲ್ ಸಿಕ್ಕಿತು, ಆದ್ದರಿಂದ ನಾಗಕೇಸರ ಎಂದು ಬರೆದ ವರದಿಗಳನ್ನು ನಾನು ನೋಡಿದ್ದೇನೆ. ಅದು ಹೆಚ್ಚುಕಡಿಮೆ ಎಲ್ಲ ಗಿಡಮರಗಳಲ್ಲಿಯೂ ಇರುವ ಪದಾರ್ಥ, ಅದರಿಂದ ಏನೂ ಸಾಬೀತಾಗುವುದಿಲ್ಲ. ನಾಗಸಂಪಿಗೆಯ ಕೇಸರದಿಂದ ಮೆಸುವಾಫೆರೋನ್ ಎಂಬ ಜೋಡಿ ಫ್ಲೇವೊನಾಯ್ಡುಗಳನ್ನು ಬೇರ್ಪಡಿಸಿದ್ದಾರೆ, ಅಂಥವು ಹೆಚ್ಚು ಅರ್ಥಪೂರ್ಣ. ಶುದ್ಧ ಪದಾರ್ಥ ಸಿಗದಿದ್ದರೆ ಖಚಿತ ಮಾದರಿಯ ಇಡೀ ಪಟ್ಟೆಗಳ ಸಾಲನ್ನೇ ಹೋಲಿಸುವುದು ಒಂದು ಅರೆಬರೆ ಗುರುತಿಗಿಂತ ಮೇಲು.

ಡಿಎನ್‌ಎ ಯಾವಾಗ

ಪುಡಿಯ ಸ್ಲೈಡ್ ಮತ್ತು ವರ್ಣರೇಖನ ಒಂದಕ್ಕೊಂದು ಒಪ್ಪದಿದ್ದಾಗ, ಚಿಕ್ಕದೊಂದು ಅನುಕ್ರಮವನ್ನು ಓದಿ ಪ್ರಭೇದವನ್ನು ಗುರುತಿಸುವ ಡಿಎನ್‌ಎ ಬಾರ್‌ಕೋಡ್ ಉಪಯೋಗಕ್ಕೆ ಬರುತ್ತದೆ. ಸಸ್ಯಗಳಿಗೆ ಆರ್‌ಬಿಸಿಎಲ್ ಮತ್ತು ಮ್ಯಾಟ್‌ಕೆ ಎಂಬ ಭಾಗಗಳನ್ನು 2009ರಲ್ಲಿ ಮೂಲ ಬಾರ್‌ಕೋಡುಗಳೆಂದು ಒಪ್ಪಲಾಯಿತು, ಹತ್ತಿರದ ಪ್ರಭೇದಗಳನ್ನು ಬಿಡಿಸಲು ಐಟಿಎಸ್ 2 ಭಾಗವನ್ನೂ ಬಳಸುತ್ತಾರೆ. ಒಣ ಹೂವಿನ ಪಾಲಿಫೀನಾಲುಗಳು ಪ್ರತಿಕ್ರಿಯೆಯನ್ನು ತಡೆಯುವುದರಿಂದ ಜೀವಕೋಶಗಳಿಂದ ಅದನ್ನು ಬಿಡಿಸಲು ಬಳಸುವ ಸಿಟ್ಯಾಬ್ ದ್ರಾವಣಕ್ಕೆ ಪಾಲಿವಿನೈಲ್ ಪೈರೊಲಿಡೋನ್ ಸೇರಿಸಿ ಡಿಎನ್‌ಎ ತೆಗೆಯಬೇಕು. ಐಟಿಎಸ್ ಭಾಗ ಬೂಷ್ಟಿನಲ್ಲಿಯೂ ಇರುವುದರಿಂದ, ಮುಗ್ಗಿದ ಮಾದರಿಯಲ್ಲಿ ಬೂಷ್ಟಿನ ಅನುಕ್ರಮವೇ ಓದಿಗೆ ಸಿಗುವ ಅಪಾಯವಿದೆ. ಎಲ್ಲ ಸರಿಬಂದರೂ ಡಿಎನ್‌ಎ ಮರವನ್ನು ಹೇಳುತ್ತದೆ, ಭಾಗವನ್ನು ಹೇಳುವುದಿಲ್ಲ. ನಾಗಸಂಪಿಗೆಯ ಎಲೆಯ ಪುಡಿಯೂ ಇಲ್ಲಿ ನಾಗಕೇಸರವಾಗಿಯೇ ಪಾಸಾಗುತ್ತದೆ. ಆದ್ದರಿಂದ ಸೂಕ್ಷ್ಮದರ್ಶಕದ ಜಾಗವನ್ನು ಇದು ತುಂಬಲಾರದು.

ಸೀಸ 10, ಆರ್ಸೆನಿಕ್ 3, ಪಾದರಸ 1, ಕ್ಯಾಡ್ಮಿಯಂ 0.3 ಪಿಪಿಎಂ (ಹತ್ತು ಲಕ್ಷ ಪಾಲಿಗೆ ಇಷ್ಟು ಪಾಲು) ಎಂಬ ಭಾರಲೋಹದ ಮಿತಿಗಳು ಮತ್ತು ಸೂಕ್ಷ್ಮಾಣುಗಳ ಪರೀಕ್ಷೆ ಸುರಕ್ಷತೆಗೆ ಸಂಬಂಧಿಸಿದವು, ಗುರುತು ಖಚಿತವಾದ ಮೇಲೆ ಅವನ್ನು ಪ್ರತ್ಯೇಕವಾಗಿ ಮಾಡಬೇಕು.

ವರದಿ

ವರದಿಯಲ್ಲಿ ‘ಶುದ್ಧ’, ‘ಅಸಲಿ’ ಎಂಬ ಪದಗಳನ್ನು ಬಳಸದೆ, ಯಾವ ಸಂಖ್ಯೆಯ ಖಚಿತ ಮಾದರಿಯೊಂದಿಗೆ ಹೋಲಿಸಿ ಏನೇನು ಕಂಡಿತು ಎಂಬುದನ್ನು ಬರೆಯಬೇಕು: ‘ಮಾದರಿಯು ಮೆಸುವಾ ಫೆರಿಯಾದ ಕೇಸರಗಳಿಗೆ ಹೊರನೋಟ, ಪುಡಿಯ ಸೂಕ್ಷ್ಮನೋಟ ಮತ್ತು ವರ್ಣರೇಖನದಲ್ಲಿ ಹೊಂದುತ್ತದೆ, ಶೇಕಡಾ ಇಂತಿಷ್ಟಕ್ಕಿಂತ ಹೆಚ್ಚಿನ ಸುರಗಿ ಕಂಡುಬಂದಿಲ್ಲ’ ಎಂಬಂತೆ. ಸುರಗಿಯೆಂದು ತಿಳಿದರೆ ‘ತಿರಸ್ಕೃತ’ ಎಂದಷ್ಟೇ ಬರೆದು ಬಿಡದೆ, ‘ಮ್ಯಾಮಿಯಾ ಸುರಿಗಾದ ಒಣ ಮೊಗ್ಗು’ ಎಂದು ಪೂರ್ತಿ ಬರೆದು ಕೊಟ್ಟರೆ, ಮಾರಿದವರು ಅದನ್ನು ಅದರದೇ ಹೆಸರಿನಲ್ಲಿ ಮಾರಬಹುದು, ಮುಂದಿನ ಸಲ ಕಾಡಿನಿಂದ ತರುವವರಿಗೂ ಯಾವ ಮರ ಎಂದು ಹೇಳಬಹುದು. ಸ್ಲೈಡಿನ ಮತ್ತು ಫಲಕದ ಚಿತ್ರಗಳನ್ನು ವರದಿಗೆ ಲಗತ್ತಿಸಿ, ಮಾದರಿಯ ಒಂದು ಪಾಲನ್ನು ಮೊಹರು ಹಾಕಿ, ಆ ಸರಕಿನಿಂದ ತಯಾರಾದ ಔಷಧದ ಅವಧಿ ಮುಗಿಯುವವರೆಗಾದರೂ ಕಾಪಾಡಬೇಕು. ಹೋಲಿಕೆಯ ಕೇಸರಗಳ ಬಾಟಲಿಯನ್ನು ಪ್ರತಿ ಹೂಗಾಲದಲ್ಲಿ ಗುರುತು ಹಾಕಿಟ್ಟ ಅದೇ ಮರದಿಂದ ಹೊಸದಾಗಿ ತುಂಬಿಸಿಕೊಳ್ಳುವುದು ಉತ್ತಮ. ಹಳೆಯದನ್ನು ಮಾತ್ರ ಎಸೆಯಬಾರದು, ಪರಿಮಳ ಹೋಗಿದ್ದರೂ ಅದರ ಪರಾಗರೇಣುಗಳು ಸ್ಲೈಡಿನ ಕೆಲಸಕ್ಕೆ ಹಲವಾರು ವರ್ಷ ಒದಗುತ್ತವೆ.